ಶುಕ್ರವಾರ ಸಂಜೆಯಲ್ಲೇ ಉಳಿದ ಯಂತ್ರ: ಒಂದು ಬಿಲ್ಡ್ ವೈಫಲ್ಯದ ಪ್ರಕರಣ

ಕಾಲೇಜೊಂದರ ಗ್ರಂಥಾಲಯದ ಹಿಂಬದಿಯ ಕೋಣೆ. ಗೋಡೆಯುದ್ದಕ್ಕೂ ಹಳೆಯ ಕನ್ನಡ ಮಾಸಪತ್ರಿಕೆಗಳ ಕಟ್ಟುಗಳು, ಮೂಲೆಯಲ್ಲಿ ಒಂದು ಸ್ಕ್ಯಾನರು, ಅದರ ಪಕ್ಕದಲ್ಲಿ ಬೀರುವಿನಿಂದ ಆಗಷ್ಟೇ ಹೊರಬಂದ ಡೆಸ್ಕ್‌ಟಾಪ್ ಕಂಪ್ಯೂಟರು. ಸ್ಕ್ಯಾನ್ ಮಾಡಿದ ಪುಟಗಳ ಚಿತ್ರದಿಂದ ಅಕ್ಷರಗಳನ್ನು ಓದಿ ಪಠ್ಯವಾಗಿಸುವುದಕ್ಕೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನು ಅದರಲ್ಲಿ ಕೂರಿಸಬೇಕಾಗಿತ್ತು. ಅರ್ಧ ದಿನದ ಕೆಲಸವೆಂದು ಒಪ್ಪಿಕೊಂಡೆ. ಒಂದು ಶುಕ್ರವಾರ ಮತ್ತು ಒಂದು ಇಡೀ ಸೋಮವಾರ ಹಿಡಿಯಿತು. ಸೋಮವಾರದ ಬಹುಪಾಲು ನನ್ನದೇ ತಪ್ಪಿನಿಂದ ಹೋಯಿತು.

ಡೆಬಿಯನ್ 12 ಎಂಬ ಲಿನಕ್ಸ್ ವಿತರಣೆಯ ತಂತ್ರಾಂಶ ಭಂಡಾರದಲ್ಲಿ ಟೆಸರಾಕ್ಟ್‌ನ 5.3.0 ಆವೃತ್ತಿ ಸಿದ್ಧವಾಗಿಯೇ ಇದೆ. ಕನ್ನಡದ ದತ್ತಾಂಶವೂ ಪ್ರತ್ಯೇಕ ಪ್ಯಾಕೇಜಾಗಿ ಸಿಗುತ್ತದೆ. ಸಿದ್ಧ ಪ್ಯಾಕೇಜು ಸಾಕಾಗುವಾಗ ಮೂಲ ಆಕರದಿಂದ ಕಂಪೈಲ್ ಮಾಡಲು, ಅಂದರೆ ಬರೆದ ಸಂಕೇತದಿಂದ ಓಡುವ ತಂತ್ರಾಂಶವನ್ನು ನಾವೇ ಕಟ್ಟಿಕೊಳ್ಳಲು, ಹೊರಡಬೇಡಿ ಎಂದು ನಾನೇ ಹತ್ತು ಜನರಿಗೆ ಬುದ್ಧಿ ಹೇಳಿದವನು. ಇಲ್ಲಿ ಮಾತ್ರ ಅದು ಸಾಲುತ್ತಿರಲಿಲ್ಲ. ಆ ಮಾಸಪತ್ರಿಕೆಗಳಲ್ಲಿ ಹಳಗನ್ನಡ ಪದ್ಯಗಳನ್ನು ಉದ್ಧರಿಸುವ ಲೇಖನಗಳು ತುಂಬ. ೞ ಮತ್ತು ಱ ಪುಟಪುಟಕ್ಕೂ ಎದುರಾಗುತ್ತವೆ. ಆ ಅಚ್ಚುಮೊಳೆಗಳಿಗೆ ತಕ್ಕಂತೆ ತಂತ್ರಾಂಶಕ್ಕೆ ತರಬೇತಿ ಕೊಡಲು ಹೊರಟಿದ್ದ ಗೆಳೆಯನೊಬ್ಬ, ತರಬೇತಿಯ ಪಠ್ಯವನ್ನು ಪರೀಕ್ಷಿಸುವ ಭಾಗದಲ್ಲಿ ಒಂದಿಷ್ಟು ತಿದ್ದುಪಡಿ ಮಾಡಿದ್ದ. (ೞ ಪಾಪದ ಅಕ್ಷರ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಪಕ್ಕದಲ್ಲಿ ಒಂದು ತಿದ್ದುಪಡಿ ಬರೆದುಕೊಂಡು ಇಂದಿಗೂ ಹಾಗೆಯೇ ಕುಳಿತಿದೆ.) ಆ ತಿದ್ದಿದ ಆಕರವನ್ನೇ ನಾವು ಕಂಪೈಲ್ ಮಾಡಬೇಕಿತ್ತು.

2025ರ ಜೂನ್ 6ರ ಶುಕ್ರವಾರ ಕಂಪ್ಯೂಟರನ್ನು ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಯಂತ್ರವನ್ನು ಎಬ್ಬಿಸುವ ಬಯಾಸ್ ತನ್ನ ನೆನಪು ಕಳೆದುಕೊಂಡಿದೆ, ಮುಂದುವರಿಯಲು ಎಫ್1 ಒತ್ತಿ ಎಂಬ ಅರ್ಥದ್ದು. ನಾನು ಓದಿ ಮುಗಿಸುವ ಮೊದಲೇ ಪಕ್ಕದಲ್ಲಿದ್ದ ಅಟೆಂಡರ್ ಕೈ ಚಾಚಿ ಕೀಲಿ ಒತ್ತಿಬಿಟ್ಟರು.

"ಅದು ಮೊದಲಿನಿಂದಲೂ ಹಾಗೆಯೇ ಸರ್. ಎಫ್1 ಒತ್ತಿದರೆ ಮುಂದೆ ಹೋಗುತ್ತದೆ."

ಮುಂದೆ ಹೋಯಿತು. ತಾರೀಖು 2012ರ ಜನವರಿ 1 ಎಂದು ತೋರಿಸುತ್ತಿದ್ದುದನ್ನು ಕಂಡು ಬಯಾಸ್ ಒಳಗೆ ಹೋಗಿ ಸರಿಪಡಿಸಿದೆ. ಡಿವಿಡಿಯಿಂದ ಡೆಬಿಯನ್ ಸ್ಥಾಪಿಸಿದೆ. ಮಧ್ಯಾಹ್ನದ ನಂತರ ಮೂರು ಸಲ ರೀಬೂಟ್ ಮಾಡಿದಾಗಲೂ ತಾರೀಖು ಸರಿಯಾಗಿಯೇ ಇತ್ತು. ಹಾಗಾಗಿ ಆ ವಿಷಯವನ್ನು ಮನಸ್ಸಿನಿಂದ ತೆಗೆದುಹಾಕಿದೆ. ಡೆಬಿಯನ್ 12ರ ಅಡ್ಡಹೆಸರು ಬುಕ್‌ವರ್ಮ್, ಪುಸ್ತಕದ ಹುಳು. ಗ್ರಂಥಾಲಯಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗದು ಎಂದು ಅಟೆಂಡರರ ಬಳಿ ತಮಾಷೆಯನ್ನೂ ಮಾಡಿದೆ.

ಹೊಸ ಡೆಬಿಯನ್‌ನ ಎರಡು ಮಾಮೂಲಿ ತೊಡಕುಗಳು ಅಂದೇ ಎದುರಾದವು. ಸ್ಥಾಪಿಸುವಾಗ ಪೂರ್ಣ ಅಧಿಕಾರದ ರೂಟ್ ಖಾತೆಗೆ ಪಾಸ್‌ವರ್ಡ್ ಕೊಟ್ಟಿದ್ದರಿಂದ ನನ್ನ ಖಾತೆಗೆ ಸುಡೋ, ಅಂದರೆ ರೂಟ್ ಪರವಾಗಿ ಆದೇಶ ಕೊಡುವ ಅಧಿಕಾರ, ಬಂದಿರಲಿಲ್ಲ. ಇನ್ನೊಂದು, ಪ್ಯಾಕೇಜುಗಳನ್ನು ತರಿಸುವ ಆಪ್ಟ್ ಮೂಲಕ ಏನು ಕೇಳಿದರೂ 'ಡಿವಿಡಿ ಹಾಕಿ' ಎಂದೇ ಉತ್ತರ. ಇಂಟರ್ನೆಟ್ ಇಲ್ಲದೆ ಸ್ಥಾಪಿಸಿದರೆ ಸೋರ್ಸಸ್.ಲಿಸ್ಟ್ ಕಡತದಲ್ಲಿ ಸಿಡಿರಾಮ್ ಸಾಲು ಮಾತ್ರ ಉಳಿಯುತ್ತದೆ. ಅದನ್ನು ಅಳಿಸಿ ಮುಖ್ಯ ಭಂಡಾರ ಮತ್ತು ಭದ್ರತಾ ಭಂಡಾರದ ವಿಳಾಸಗಳನ್ನು ಬರೆದೆ, ಇಂಟರ್ನೆಟ್ಟಿಗೆ ನಡುವಣ ದ್ವಾರವಾದ ಕಾಲೇಜಿನ ಪ್ರಾಕ್ಸಿಯನ್ನೂ ಹೇಳಿಕೊಟ್ಟೆ. ಅಷ್ಟಾಗುವಾಗ ಸಂಜೆ 5:40. ಯಂತ್ರವನ್ನು ಆರಿಸಿದೆವು. ಬಾಗಿಲು ಹಾಕುವ ಮುನ್ನ ಅಟೆಂಡರ್ ಎಂದಿನಂತೆ ಕೋಣೆಯ ಮೇನ್ ಸ್ವಿಚ್ಚನ್ನೂ ಆರಿಸಿದರು.

ಸೋಮವಾರ ಬೆಳಿಗ್ಗೆ ಹತ್ತು ದಾಟಿತ್ತು. ಎಫ್1 ಮತ್ತೆ ಬಂತು, ಅಟೆಂಡರ್ ಮತ್ತೆ ಒತ್ತಿದರು. ಪರದೆಯ ಮೂಲೆಯ ಗಡಿಯಾರ ಸಂಜೆ ಆರರ ಹತ್ತಿರವನ್ನು ತೋರಿಸುತ್ತಿತ್ತು. ಲಿನಕ್ಸಿನಲ್ಲಿ ಗಡಿಯಾರ ತಪ್ಪಿದ್ದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಐದೂವರೆ ಗಂಟೆಯ ವ್ಯತ್ಯಾಸ, ಅಂದರೆ ಕಾಲವಲಯದ ಗೊಂದಲ. ನನಗೂ ಅದೇ ಹೊಳೆಯಿತು. ಕಾಲವಲಯ ಕೋಲ್ಕತಾ ಎಂದೇ ಇತ್ತು. ಆಮೇಲೆ ನೋಡಿದರಾಯಿತು ಎಂದುಕೊಂಡೆ. ದಿನ ಯಾವುದೆಂದು ನೋಡಲಿಲ್ಲ.

ಆಪ್ಟ್ ಪಟ್ಟಿಯನ್ನು ನವೀಕರಿಸಿದಾಗ ಮುಖ್ಯ ಭಂಡಾರ ಸರಿಯಾಗಿ ಬಂತು. ಭದ್ರತಾ ಭಂಡಾರದ ಬಗ್ಗೆ ಮಾತ್ರ ಒಂದು ದೂರು: ಅದರಲ್ಲಿ ಏನಿದೆಯೆಂದು ತಾರೀಖಿನೊಂದಿಗೆ ಹೇಳುವ ರಿಲೀಸ್ ಕಡತ ಇನ್ನೂ ಊರ್ಜಿತವಾಗಿಲ್ಲ, ಊರ್ಜಿತವಾಗಲು ಇನ್ನೂ ಎರಡು ದಿನ ಹನ್ನೊಂದು ಗಂಟೆ ಬೇಕು. ಇಡೀ ದಿನದ ಒಗಟಿಗೆ ಉತ್ತರ ಅಲ್ಲೇ ಅಚ್ಚಾಗಿತ್ತು. ಮುಖ್ಯ ಭಂಡಾರದ ರಿಲೀಸ್ ಕಡತ ಹಳೆಯದಾದ್ದರಿಂದ ಅದು ಆಕ್ಷೇಪವಿಲ್ಲದೆ ಹಾದುಹೋಯಿತು. ಭದ್ರತಾ ಭಂಡಾರದ್ದು ಮತ್ತೆ ಮತ್ತೆ ಹೊಸದಾಗುತ್ತಿರುವುದರಿಂದ ಅದು ಮಾತ್ರ ಸಿಕ್ಕಿಬಿದ್ದಿತು. 'ನನಗೆ ಬೇಕಾದದ್ದು ಮುಖ್ಯ ಭಂಡಾರದಲ್ಲಿದೆ' ಎಂದುಕೊಂಡು ನಾನು ಮುಂದೆ ನಡೆದೆ.

ಗೆಳೆಯ ಭಾನುವಾರ ರಾತ್ರಿ ಹತ್ತರ ಸುಮಾರಿಗೆ ಆಕರವನ್ನೆಲ್ಲ ಒಂದೇ ಗಂಟಾಗಿ ಕಟ್ಟಿದ್ದ ಟಾರ್ ಕಡತ ಪೆನ್‌ಡ್ರೈವಿನಲ್ಲಿತ್ತು. ಬಿಚ್ಚಿದೆ. ನೂರಾರು ಸಾಲುಗಳು ಸರಸರನೆ ಮೇಲೆ ಸರಿದುಹೋದವು. ಅವೆಲ್ಲ ಕಡತಗಳ ಹೆಸರುಗಳೆಂದು ಭಾವಿಸಿದೆ. ಸಂಜೆ ಮತ್ತೆ ಬಿಚ್ಚಿ ನೋಡುವಾಗಲೇ ತಿಳಿದದ್ದು, ಹೆಸರುಗಳನ್ನು ತೋರಿಸು ಎಂದು ನಾನು ಟಾರ್‌ಗೆ ಹೇಳಿಯೇ ಇರಲಿಲ್ಲ. ಬೆಳಿಗ್ಗೆ ಸರಿದುಹೋದದ್ದೆಲ್ಲ ಎಚ್ಚರಿಕೆಗಳು. ಒಂದೊಂದು ಕಡತದ ಕಾಲಮುದ್ರೆಯೂ ಸುಮಾರು 1,85,700 ಸೆಕೆಂಡು ಭವಿಷ್ಯದಲ್ಲಿದೆ ಎಂದು ಟಾರ್ ಕೂಗಿ ಹೇಳಿತ್ತು. ಲೆಕ್ಕ ಹಾಕಿದರೆ ಐವತ್ತೊಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು.

ಕಂಪೈಲಿಗೆ ಬೇಕಾದದ್ದೆಲ್ಲ ಯಂತ್ರದಲ್ಲಿದೆಯೇ ಎಂದು ನೋಡುವ ಕಾನ್ಫಿಗರ್ ಓಡಿಸಿದಾಗ ಮೊದಲ ಸೋಲು: ಸಿ++ ಕಂಪೈಲರ್ ಕಾರ್ಯಗತ ಕಡತಗಳನ್ನು ಸೃಷ್ಟಿಸಲಾರದು. ಹೊಸಬರನ್ನು ದಾರಿ ತಪ್ಪಿಸುವುದರಲ್ಲಿ ಈ ಸಾಲಿಗೆ ಸಾಟಿಯಿಲ್ಲ. ಕಂಪೈಲರ್ ಇದೆ, ಆದರೆ ಕೆಟ್ಟಿದೆ ಎಂಬ ಭಾವನೆ ಬರುತ್ತದೆ. ಕೆಲವರು ಇಡೀ ವ್ಯವಸ್ಥೆಯನ್ನೇ ಮರುಸ್ಥಾಪಿಸಲು ಹೊರಡುತ್ತಾರೆ. ನಿಜ ಸಂಗತಿ ಅದೇ ಫೋಲ್ಡರಿನ ಕಾನ್ಫಿಗ್.ಲಾಗ್ ಕಡತದಲ್ಲಿರುತ್ತದೆ. ಆ ಕಡತವನ್ನು ಕೊನೆಯಿಂದ ಓದಬಾರದು, ಏಕೆಂದರೆ ಕೊನೆಯ ನೂರಾರು ಸಾಲುಗಳು ಚರಾಂಶಗಳ ಪಟ್ಟಿ ಮಾತ್ರ. ತೆರೆಯ ಮೇಲೆ ಕಂಡ ದೋಷದ ವಾಕ್ಯವನ್ನು ಅದರಲ್ಲಿ ಹುಡುಕಿ, ಅಲ್ಲಿಂದ ಮೇಲಕ್ಕೆ ಓದಬೇಕು. ನಮ್ಮ ಕಡತದಲ್ಲಿ ಮೂರೇ ಪದಗಳಷ್ಟು ಸತ್ಯವಿತ್ತು: ಜಿ++ ಎಂಬ ಆದೇಶ ಸಿಗಲಿಲ್ಲ. ಡೆಬಿಯನ್‌ನ ಡೆಸ್ಕ್‌ಟಾಪ್ ಸ್ಥಾಪನೆಯಲ್ಲಿ ಕಂಪೈಲರ್ ತಾನಾಗಿ ಬರುವುದಿಲ್ಲ. ಬಿಲ್ಡ್-ಎಸೆನ್ಶಿಯಲ್ ಎಂಬ ಒಂದೇ ಪ್ಯಾಕೇಜು ಜಿಸಿಸಿ, ಜಿ++ ಕಂಪೈಲರುಗಳು, ಕಂಪೈಲ್ ಕೆಲಸವನ್ನು ನಡೆಸುವ ಮೇಕ್ ಮೂರನ್ನೂ ತಂದುಕೊಟ್ಟಿತು.

ಎರಡನೆಯ ಸೋಲು ಸ್ವಾರಸ್ಯದ್ದು. ಕಾನ್ಫಿಗರ್ 'ಬಿಲ್ಡ್ ಪರಿಸರ ಸ್ವಸ್ಥವಾಗಿದೆಯೇ' ಎಂದು ತನ್ನನ್ನು ತಾನೇ ಕೇಳಿಕೊಂಡು, ಇಲ್ಲವೆಂದು ನಿಂತುಬಿಟ್ಟಿತು. ಹೊಸದಾಗಿ ಸೃಷ್ಟಿಸಿದ ಕಡತವು ವಿತರಿಸಿದ ಕಡತಗಳಿಗಿಂತ ಹಳೆಯದಾಗಿದೆ, ನಿಮ್ಮ ಗಡಿಯಾರವನ್ನು ನೋಡಿಕೊಳ್ಳಿ ಎಂಬುದು ಅದರ ಮಾತು. ಈ ಪರೀಕ್ಷೆ ತೀರಾ ಸರಳ: ಒಂದು ಖಾಲಿ ಕಡತವನ್ನು ಈಗ ಹುಟ್ಟಿಸು, ಅದರ ತಾರೀಖನ್ನು ಕಾನ್ಫಿಗರ್ ಕಡತದ ತಾರೀಖಿನೊಂದಿಗೆ ಹೋಲಿಸು. ಈಗ ಹುಟ್ಟಿದ ಮಗು ಅಜ್ಜನಿಗಿಂತ ಮೊದಲೇ ಹುಟ್ಟಿದೆ ಎಂದಾದರೆ ಮನೆಯಲ್ಲಿ ಏನೋ ಕೆಟ್ಟಿದೆ ಎಂದರ್ಥ.

ಗಡಿಯಾರ ನೋಡು ಎಂದು ಯಂತ್ರವೇ ಬಿಡಿಸಿ ಹೇಳಿದ ಮೇಲೂ ನಾನು ಗಡಿಯಾರ ನೋಡಲಿಲ್ಲ. ಗೆಳೆಯನ ಕಂಪ್ಯೂಟರಿನ ಸಮಯ ಮುಂದಿರಬೇಕು ಎಂದು ತೀರ್ಮಾನಿಸಿದೆ. ಅವನು ವಾರಕ್ಕೊಂದು ಹೊಸ ವಿತರಣೆ ಹಾಕಿಕೊಳ್ಳುವ ಸ್ವಭಾವದವನಾದ್ದರಿಂದ ಅವನ ಮೇಲೆ ಹೊರಿಸುವುದು ಸುಲಭವಾಗಿತ್ತು. ಫೋಲ್ಡರಿನ ಎಲ್ಲ ಕಡತಗಳಿಗೂ ಟಚ್ ಆದೇಶ ಕೊಟ್ಟು ತಾರೀಖುಗಳನ್ನು 'ಈಗ'ಕ್ಕೆ ಎಳೆದು ತಂದೆ.

ಮುಂದಿನದನ್ನು ಹೇಳುವ ಮೊದಲು ಮೇಕ್ ಕೆಲಸ ಮಾಡುವ ಬಗೆಯನ್ನು ತುಸು ಹೇಳಬೇಕು. ಗ್ರಂಥಾಲಯದ ಪುಸ್ತಕದ ಒಳರಕ್ಷೆಗೆ ಅಂಟಿಸಿದ ತಾರೀಖಿನ ಚೀಟಿಯನ್ನು ನೆನಪಿಸಿಕೊಳ್ಳಿ. ಕೌಂಟರಿನಲ್ಲಿ ಕುಳಿತವರು ಪುಸ್ತಕವನ್ನು ಓದುವುದಿಲ್ಲ, ಚೀಟಿಯನ್ನಷ್ಟೇ ನೋಡಿ ದಂಡ ಹಾಕುತ್ತಾರೆ. ಮೇಕ್ ಹಾಗೆಯೇ. ಆಕರ ಕಡತದೊಳಗೆ ಏನು ಬದಲಾಗಿದೆ ಎಂದು ಅದು ನೋಡುವುದಿಲ್ಲ. ಆಕರದ ತಾರೀಖು ಅದರಿಂದ ಹುಟ್ಟಿದ ಕಡತದ ತಾರೀಖಿಗಿಂತ ಹೊಸದೇ? ಹೌದಾದರೆ ಮತ್ತೆ ಮಾಡು, ಅಲ್ಲವಾದರೆ ಬಿಡು. ಕಾನ್ಫಿಗರ್ ಕಡತವೂ ಹೀಗೆ ಬೇರೆ ಕಡತಗಳಿಂದ ಹುಟ್ಟಿದ್ದೇ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಾರೀಖುಗಳಲ್ಲಿ ಮಾತ್ರ ಉಳಿದಿರುತ್ತದೆ. ನಾನು ಟಚ್ ಮಾಡಿದ್ದೆಂದರೆ ಎಲ್ಲ ಪುಸ್ತಕಗಳ ಚೀಟಿಗಳನ್ನೂ ಕಿತ್ತು, ಕೈಗೆ ಸಿಕ್ಕಿದ ಕ್ರಮದಲ್ಲಿ ಒಂದೇ ದಿನದ ಮುದ್ರೆ ಒತ್ತಿದ ಹಾಗೆ.

ಅದರ ಫಲ ಮೂರನೆಯ ಸೋಲು. ಮೇಕ್ ಕಂಪೈಲ್ ಮಾಡುವುದನ್ನು ಬಿಟ್ಟು ಕಾನ್ಫಿಗರ್ ಕಡತವನ್ನೇ ಮರುಸೃಷ್ಟಿಸಲು ಹೊರಟು, 'ಎಸಿಲೋಕಲ್-1.17 ನಿಮ್ಮಲ್ಲಿ ಇಲ್ಲ' ಎಂದಿತು. ಎಸಿಲೋಕಲ್ ಬರುವುದು ಇಂಥ ಮರುಸೃಷ್ಟಿಗೆ ಬೇಕಾದ ಆಟೋಮೇಕ್ ಪ್ಯಾಕೇಜಿನಲ್ಲಿ, ಅದನ್ನು ಹಾಕಿದೆ. ಆದರೆ ಡೆಬಿಯನ್ 12ರಲ್ಲಿರುವುದು 1.16, ಗೆಳೆಯನಲ್ಲಿದ್ದುದು 1.17. ಈ ಸಂಖ್ಯೆಯನ್ನು ಬೆನ್ನಟ್ಟಿ ಎಲ್ಲಿಂದಲೋ 1.17 ತಂದು ಹಾಕುವವರನ್ನು ಕಂಡಿದ್ದೇನೆ, ಅದು ಬೇಡದ ಕೆಲಸ. ಆಕರ ಕಡತಗಳಿಗೆ ಯಾವ ಆಟೋಮೇಕ್ ಆದರೂ ನಡೆಯುತ್ತಿತ್ತು. ತಾರೀಖು ಕೆಡದಿದ್ದರೆ ಆಟೋಮೇಕ್ ಇಲ್ಲದಿದ್ದರೂ ನಡೆಯುತ್ತಿತ್ತು. ಆಕರದೊಂದಿಗೆ ಬಂದ ಆಟೋಜೆನ್ ಸ್ಕ್ರಿಪ್ಟನ್ನು ಇಲ್ಲಿಯೇ ಓಡಿಸಿ ಹೊಸ ಕಾನ್ಫಿಗರ್ ಮಾಡಿಕೊಂಡೆ. ಎಲ್ಲ ಕಡತಗಳೂ ಈಗ ಒಂದೇ ತಪ್ಪು ಗಡಿಯಾರದವು. ತಪ್ಪೇ ಆದರೂ ಒಂದೇ ಆಗಿದ್ದರಿಂದ ಪರಿಸರ ಸ್ವಸ್ಥವೆಂದು ಒಪ್ಪಿಗೆ ಸಿಕ್ಕಿತು. ನಾನು ಗೆದ್ದೆನೆಂದುಕೊಂಡೆ.

ನಡುವೆ ಬಂದ ಸಣ್ಣವುಗಳನ್ನು ಬೇಗ ಹೇಳಿಬಿಡುತ್ತೇನೆ. ಲೆಪ್ಟೋನಿಕಾ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಸಂಕೇತದ ಕಟ್ಟು) ಸಿಗಲಿಲ್ಲ ಎಂದು ಕಾನ್ಫಿಗರ್ ನಿಂತಿತು. ಅದು ಯಂತ್ರದಲ್ಲಿ ಇದ್ದರೂ ಹೀಗಾಗುತ್ತದೆ, ಏಕೆಂದರೆ ಓಡಿಸಲು ಬೇಕಾದ ಪ್ಯಾಕೇಜು ಬೇರೆ, ಕಂಪೈಲ್ ಮಾಡಲು ಬೇಕಾದ ಹೆಡರ್ ಕಡತಗಳ ಪ್ಯಾಕೇಜು ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಎರಡನೆಯದರ ಹೆಸರಿನ ಕೊನೆಯಲ್ಲಿ 'ಡೆವ್' ಇರುತ್ತದೆ, ಫೆಡೋರಾದಲ್ಲಿ 'ಡೆವೆಲ್'. ಇದಕ್ಕಿಂತ ಕಪಟಿ ಇನ್ನೊಂದು: ತರಬೇತಿ ಉಪಕರಣಗಳಿಗೆ ಐಸಿಯು, ಪ್ಯಾಂಗೊ, ಕೈರೊ ಎಂಬ ಲೈಬ್ರರಿಗಳ ಡೆವ್ ಪ್ಯಾಕೇಜುಗಳು ಬೇಕು, ಆದರೆ ಅವು ಇಲ್ಲದಿದ್ದರೆ ಕಾನ್ಫಿಗರ್ ಸೋಲುವುದಿಲ್ಲ. ತರಬೇತಿ ಉಪಕರಣಗಳನ್ನು ಕಟ್ಟಲಾಗದು ಎಂದು ಕೊನೆಯಲ್ಲಿ ಮೆಲ್ಲಗೆ ಹೇಳಿ, ಯಶಸ್ಸೆಂದೇ ಮುಗಿಸುತ್ತದೆ. ನಮಗೆ ಬೇಕಾಗಿದ್ದುದೇ ಆ ಉಪಕರಣಗಳು.

ಮಧ್ಯಾಹ್ನ ಹನ್ನೆರಡೂವರೆಗೆ ಗೆಳೆಯ ಫೋನ್ ಮಾಡಿ, ತಾನು ತಿದ್ದಿದ ಒಂದು ಕಡತದಲ್ಲಿ ತಪ್ಪಿದೆ, ಹೊಸದನ್ನು ಕಳಿಸಿದ್ದೇನೆ ಎಂದ. ಅದನ್ನು ಪೆನ್‌ಡ್ರೈವಿನಿಂದ ತಂದು ಹಾಕಿ ಮೇಕ್ ಓಡಿಸಿದೆ. ಆ ಕಡತ ಎರಡು ಲಕ್ಷಕ್ಕೂ ಹೆಚ್ಚು ಸೆಕೆಂಡು ಭವಿಷ್ಯದಲ್ಲಿದೆ, ಗಡಿಯಾರದಲ್ಲಿ ಏರುಪೇರಿದೆ, ನಿಮ್ಮ ಬಿಲ್ಡ್ ಅಪೂರ್ಣವಾಗಿರಬಹುದು ಎಂದಿತು ಮೇಕ್. ನನ್ನ ಹಿಂದೆ ನಿಂತು ಪುಟಗಳನ್ನು ಜೋಡಿಸುತ್ತಿದ್ದ ಎಂ.ಎ. ವಿದ್ಯಾರ್ಥಿನಿ ಪರದೆಯ ಮೂಲೆಯ ಗಡಿಯಾರದ ಮೇಲೆ ಒಮ್ಮೆ ಕ್ಲಿಕ್ ಮಾಡಿದಳು.

"ಸರ್, ಈ ಕಂಪ್ಯೂಟರಿಗೆ ಇನ್ನೂ ಶುಕ್ರವಾರವೇ ಮುಗಿದಿಲ್ಲವಲ್ಲ?"

ಹೌದು, ಜೂನ್ 6, ರಾತ್ರಿ ಎಂಟು ಗಂಟೆ. ಬೆಳಗಿನಿಂದ ಕಂಡದ್ದೆಲ್ಲವೂ ಆ ಒಂದು ಮಾತಿನಿಂದ ಸಾಲಾಗಿ ನಿಂತವು. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ. ಪ್ಲಗ್ಗಿನಲ್ಲಿ ವಿದ್ಯುತ್ ಇರುವವರೆಗೆ ಬೋರ್ಡಿನ ಗಡಿಯಾರ ಓಡುತ್ತದೆ, ಹಾಗಾಗಿಯೇ ಶುಕ್ರವಾರದ ಮೂರು ರೀಬೂಟುಗಳನ್ನು ಅದು ತಾಳಿಕೊಂಡಿತು. ಮೇನ್ ಸ್ವಿಚ್ ಆರಿಸಿದೊಡನೆ 2012ಕ್ಕೆ ಬಿದ್ದಿತು.

ಹಾಗಿದ್ದರೆ ಸೋಮವಾರ ಪರದೆ 2012 ಎಂದು ಏಕೆ ತೋರಿಸಲಿಲ್ಲ? ತೋರಿಸಿದ್ದರೆ ನಾನು ಐದೇ ನಿಮಿಷದಲ್ಲಿ ಹಿಡಿಯುತ್ತಿದ್ದೆ. ಇಲ್ಲಿ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸಮಯ ಸೇವೆಯ ಜಾಣತನವಿದೆ. ನೆಟ್‌ವರ್ಕಿನಿಂದ ಸಮಯ ಸಿಗದಿದ್ದಾಗ ಅದು ಅರವತ್ತು ಸೆಕೆಂಡಿಗೊಮ್ಮೆ ಆಗಿನ ಸಮಯವನ್ನು ಡಿಸ್ಕಿನಲ್ಲಿ ಗುರುತು ಹಾಕಿಡುತ್ತದೆ. ಮುಂದಿನ ಸಲ ಯಂತ್ರದ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಆ ಗುರುತಿಗೆ ತಂದು ನಿಲ್ಲಿಸುತ್ತದೆ. ಬ್ಯಾಟರಿಯೇ ಇಲ್ಲದ ಸಣ್ಣ ಬೋರ್ಡುಗಳಲ್ಲಿ ಕಾಲ ಹಿಂದಕ್ಕೆ ಓಡದಿರಲೆಂದು ಮಾಡಿದ ಒಳ್ಳೆಯ ಏರ್ಪಾಡು. ನಮ್ಮಲ್ಲಿ ಅದು ಹದಿಮೂರು ವರ್ಷಗಳ ಹಸಿ ಸುಳ್ಳನ್ನು ಎರಡೂವರೆ ದಿನಗಳ ನಂಬುವಂಥ ಸುಳ್ಳಾಗಿಸಿತು. ಟೈಮ್‌ಡೇಟ್‌ಕಂಟ್ರೋಲ್ ಆದೇಶ ಕೊಟ್ಟು ನೋಡಿದರೆ ಎಲ್ಲವೂ ಒಂದೇ ಕಡೆ ಇತ್ತು: ಬೋರ್ಡಿನ ಗಡಿಯಾರ 2012, ನೆಟ್‌ವರ್ಕಿನಿಂದ ಸಮಯ ತರುವ ಎನ್‌ಟಿಪಿ ಸೇವೆ ಸಕ್ರಿಯ, ಸಮಯ ಹೊಂದಾಣಿಕೆ ಆಗಿದೆಯೇ ಎಂದರೆ ಇಲ್ಲ. ಸೇವೆ ಸಕ್ರಿಯವಾಗಿರುವುದಕ್ಕೂ ಸಮಯ ಸಿಕ್ಕಿರುವುದಕ್ಕೂ ಸಂಬಂಧವಿಲ್ಲ. ಕಾಲೇಜಿನ ಪ್ರಾಕ್ಸಿ ವೆಬ್ ಸಂಚಾರವನ್ನು ಮಾತ್ರ ಬಿಡುತ್ತಿತ್ತು. ಎನ್‌ಟಿಪಿ ಹೋಗುವುದು ಯುಡಿಪಿ 123ನೇ ಪೋರ್ಟಿನಲ್ಲಿ, ಅದು ಮುಚ್ಚಿತ್ತು. ಆಪ್ಟ್ ನಡೆಯುತ್ತಿದ್ದುದರಿಂದ ನೆಟ್‌ವರ್ಕ್ ಸರಿಯಿದೆ ಎಂದು ನಾನು ನಂಬಿದ್ದೆ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಟೈಮ್‌ಡೇಟ್‌ಕಂಟ್ರೋಲ್ ಮೂಲಕ ಸಮಯ ಕೊಡಲು ಹೋದರೆ, ಸ್ವಯಂಚಾಲಿತ ಹೊಂದಾಣಿಕೆ ಚಾಲೂ ಇರುವಾಗ ಆಗದು ಎಂದು ನಿರಾಕರಿಸಿತು. ಅವಸರದಲ್ಲಿ ಹಳೆಯ ಡೇಟ್ ಆದೇಶಕ್ಕೆ ಮೊರೆಹೋಗಿ, ಅಂದಿನ ತಾರೀಖು ಜೂನ್ 9 ಆದ್ದರಿಂದ 0906 ಎಂದು ಶುರುಮಾಡಿ ಗಂಟೆ, ನಿಮಿಷ ಸೇರಿಸಿದೆ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುವವರು. ಡೇಟ್ ಆದೇಶ ತಿಂಗಳನ್ನು ಮೊದಲು ಓದುತ್ತದೆ. ಯಂತ್ರ ಶುಕ್ರವಾರದಿಂದ ನೆಗೆದು ಸೆಪ್ಟೆಂಬರ್ 6ಕ್ಕೆ ಹೋಗಿ ನಿಂತಿತು. ಜೂನ್ 13 ಆಗಿದ್ದರೆ ಹದಿಮೂರನೆಯ ತಿಂಗಳಿಲ್ಲವೆಂದು ಅದು ತಿರಸ್ಕರಿಸುತ್ತಿತ್ತು. 9 ಆದ್ದರಿಂದ ಸದ್ದಿಲ್ಲದೆ ಒಪ್ಪಿಕೊಂಡಿತು. ಗಡಿಯಾರ ಈಗ ಹನ್ನೆರಡೂ ಮುಕ್ಕಾಲು ತೋರಿಸುತ್ತಿದ್ದುದರಿಂದ ನಾನು ನೆಮ್ಮದಿಯಿಂದ ಮೇಕ್ ಒತ್ತಿ ಊಟಕ್ಕೆ ಹೋದೆ.

ಬಂದಾಗ ಬಿಲ್ಡ್ ಮುಗಿದಿತ್ತು. ಒಂದು ಪುಟವನ್ನು ಸ್ಕ್ಯಾನ್ ಮಾಡಿದಾಗ ಕಡತದ ಹೆಸರಿನಲ್ಲಿ ಸೆಪ್ಟೆಂಬರ್ ಕಾಣಿಸಿತು. ನಕ್ಕು, ಈ ಬಾರಿ ತಿಂಗಳು ಮೊದಲಿಟ್ಟು ಸರಿಪಡಿಸಿದೆ. ಮೂರು ಗಂಟೆಗೆ ಗೆಳೆಯ ಇನ್ನೊಂದು ತಿದ್ದುಪಡಿ ಕಳಿಸಿದ. ಹಾಕಿ ಮೇಕ್ ಕೊಟ್ಟೆ, ಕ್ಷಣದಲ್ಲಿ ಮುಗಿಯಿತು, ದೋಷವೇ ಇಲ್ಲ. ಆದರೆ ೞ ಇರುವ ಸಾಲುಗಳನ್ನು ಉಪಕರಣ ಮೊದಲಿನಂತೆಯೇ ತಿರಸ್ಕರಿಸುತ್ತಿತ್ತು. ನಿನ್ನ ತಿದ್ದುಪಡಿ ಕೆಲಸ ಮಾಡುತ್ತಿಲ್ಲ ಎಂದು ನಾನು, ನನ್ನಲ್ಲಿ ಸರಿಯಾಗಿಯೇ ನಡೆಯುತ್ತಿದೆ ಎಂದು ಅವನು. ಒಂದು ಗಂಟೆ ಫೋನಿನಲ್ಲಿ ಜಗಳವಾಡಿದೆವು.

ದಿನದಲ್ಲೇ ಕೆಟ್ಟ ಸೋಲು ಇದೇ, ಏಕೆಂದರೆ ಇದು ಸೋಲಿನಂತೆ ಕಾಣುವುದಿಲ್ಲ. ಕಂಪೈಲ್ ಆದ ಕಡತಗಳ ಮೇಲೆ ಸೆಪ್ಟೆಂಬರಿನ ಮುದ್ರೆ, ಹೊಸ ಆಕರದ ಮೇಲೆ ಜೂನ್ ಮುದ್ರೆ. ಮೇಕ್‌ನ ಕಣ್ಣಿಗೆ ಹುಟ್ಟಿದ ಕಡತ ಆಕರಕ್ಕಿಂತ ಹೊಸದು, ಆದ್ದರಿಂದ ಮಾಡಬೇಕಾದದ್ದೇನೂ ಇಲ್ಲ. ಗಡಿಯಾರದ ಏರುಪೇರಿನ ಎಚ್ಚರಿಕೆಯನ್ನು ಅದು ಈಗಲೂ ಕೊಟ್ಟಿತ್ತು, ಈ ಬಾರಿ 76 ಲಕ್ಷಕ್ಕೂ ಹೆಚ್ಚು ಸೆಕೆಂಡುಗಳ ಲೆಕ್ಕದಲ್ಲಿ. ಬೆಳಗಿನ ಹಳೆಯ ಎಚ್ಚರಿಕೆಯೇ ಎಂದು ನಾನು ಅಂಕಿಯನ್ನು ಓದಲಿಲ್ಲ. ಮುಂದಿನ ಮೂರು ತಿಂಗಳು ಯಾರು ಏನು ತಿದ್ದಿದರೂ ಆ ಫೋಲ್ಡರಿನಲ್ಲಿ ಅದು ಸೇರುತ್ತಿರಲಿಲ್ಲ. ಸೆಪ್ಟೆಂಬರ್ 6 ದಾಟಿದ ಮೇಲೆ ಮಾಡಿದ ತಿದ್ದುಪಡಿಗಳು ಮಾತ್ರ ತಾವಾಗಿಯೇ ಸೇರತೊಡಗುತ್ತಿದ್ದವು, ಏಕೆಂದು ಯಾರಿಗೂ ತಿಳಿಯದೆ.

ಫೋಲ್ಡರನ್ನು ಪೂರ್ತಿ ಅಳಿಸಿದೆ. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿದಾಗ ಒಳಗಿನ ಸರ್ವರೊಂದು ಸಮಯ ಕೊಡುತ್ತದೆ ಎಂದರು. ಅದರ ವಿಳಾಸವನ್ನು ಸಮಯ ಸೇವೆಯ ಸಂರಚನಾ ಕಡತದಲ್ಲಿ ಬರೆದು, ಹೊಂದಾಣಿಕೆಯ ಮುಂದೆ 'ಇಲ್ಲ' ಹೋಗಿ 'ಹೌದು' ಬರುವವರೆಗೆ ಕಾದೆ. ಆಪ್ಟ್ ನವೀಕರಿಸಿದೆ, ಭದ್ರತಾ ಭಂಡಾರ ತಕರಾರಿಲ್ಲದೆ ಬಂತು. ಟಾರ್ ಬಿಚ್ಚಿದೆ, ಒಂದು ಸಾಲೂ ಬರಲಿಲ್ಲ. ಗೆಳೆಯನ ಎರಡು ಹೊಸ ಕಡತಗಳನ್ನು ಹಾಕಿ, ಕಾನ್ಫಿಗರ್, ಮೇಕ್, ತರಬೇತಿ ಉಪಕರಣಗಳ ಮೇಕ್ ಎಲ್ಲವೂ ಒಂದೇ ಓಟದಲ್ಲಿ ಮುಗಿದವು. ಆಟೋಮೇಕ್‌ನ ಸಂಖ್ಯೆ ಯಾರಿಗೂ ನೆನಪಾಗಲಿಲ್ಲ.

ಬಾಲದಂತೆ ಎರಡು ಉಳಿದಿದ್ದವು. ಸ್ಥಾಪಿಸಿದ ಮೇಲೆ ಓಡಿಸಿದರೆ ಟೆಸರಾಕ್ಟ್‌ನ ಹಂಚಿಕೆಯ ಲೈಬ್ರರಿ ಸಿಗುತ್ತಿಲ್ಲ ಎಂದಿತು. ರೂಟ್ ಆಗಿ, ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಓಡಿಸಿದರೆ ಅದು ಸರಿಹೋಗುತ್ತದೆ. ಅಡ್ಡಗೀಟಿಲ್ಲದೆ ಬರೀ ಎಸ್‌ಯು ಎಂದು ರೂಟ್ ಆದರೆ ಡೆಬಿಯನ್‌ನಲ್ಲಿ ಎಲ್‌ಡಿಕಾನ್ಫಿಗ್ ಆದೇಶವೇ ಸಿಗುವುದಿಲ್ಲ, ಗೀಟು ಹಾಕಿಯೇ ಹೋಗಬೇಕು. ಇನ್ನೊಂದು, ಕೈಯಾರೆ ಕಟ್ಟಿದ ಟೆಸರಾಕ್ಟ್ ಭಾಷೆಯ ದತ್ತಾಂಶವನ್ನು ಲೋಕಲ್ ಫೋಲ್ಡರಿನಡಿ ಹುಡುಕುತ್ತದೆ, ಡೆಬಿಯನ್‌ನ ಪ್ಯಾಕೇಜು ಇಡುವ ಜಾಗ ಬೇರೆ. ಕನ್ನಡದ ದತ್ತಾಂಶ ಕಡತವನ್ನು ಅಲ್ಲಿಗೆ ನಕಲಿಸಿದಾಗ ಮೊದಲ ಪುಟ ಓದಿಸಿಕೊಂಡಿತು. ತಪ್ಪುಗಳು ಧಾರಾಳವಾಗಿದ್ದವು, ಆದರೆ ಅವು ಕನ್ನಡದ ತಪ್ಪುಗಳು.

ಮರುದಿನ ಪೇಟೆಯ ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಕೊಂಡು ತಂದು ಹಾಕಿದೆ. ಐವತ್ತು ರೂಪಾಯಿಯೂ ಆಗಲಿಲ್ಲ. ಬಯಾಸಿನಲ್ಲಿ ತಾರೀಖು ಕೊಟ್ಟು, ಮೇನ್ ಸ್ವಿಚ್ ಆರಿಸಿ, ಚಹಾ ಕುಡಿದು ಬಂದು ಮತ್ತೆ ಚಾಲೂ ಮಾಡಿದೆ. ಎಚ್ಚರಿಕೆ ಬರದೆ ಪರದೆ ನೇರವಾಗಿ ಡೆಬಿಯನ್‌ಗೆ ಹೋಯಿತು. ಅಷ್ಟರಲ್ಲಿ ಅಟೆಂಡರ್ ಎಫ್1 ಒತ್ತಿ ಆಗಿತ್ತು.